ಆ ತೂತು ಎಲ್ಲಿ ಹೋಗಿ ಮುಗೀತೈತಿ?

ಅಂಬಾಸಿಡರ್ ಇಟ್ಟವರ ಮನೆಗಳಲ್ಲಿ ಒಂದು ಹಳೇ ಜೋಕು ಇದೆ. ಎಂಜಿನ್ನಿಂದ ಎಣ್ಣೆ ಸೋರುತ್ತಿದ್ದರೆ ಹೆದರಬೇಡಿ, ಸೋರುವುದು ನಿಂತರೆ ಹೆದರಿ. ಯಾಕೆಂದರೆ ಎಣ್ಣೆ ಖಾಲಿಯಾಗಿದೆ ಅಂತ ಅರ್ಥ! ಈ ಜೋಕು ಕೇಳಿ ನಗುವವರಲ್ಲಿ ಎಷ್ಟು ಜನಕ್ಕೆ ಆ ಎಣ್ಣೆ ಎಲ್ಲಿಂದ ಬರುತ್ತದೆ ಅಂತ ಗೊತ್ತೋ, ನಾ ಕಾಣೆ. ಗ್ಯಾಸ್ಕೆಟ್ಟಿನಿಂದ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಬೋಲ್ಟಿನ ಥ್ರೆಡ್ಡೂ ಒಂದು ದಾರಿಯೇ. ಸುರುಳಿ ಸುರುಳಿಯಾಗಿ ಒಳಗಿನಿಂದ ಹೊರಗೆ ಬರುವ ಸಣ್ಣ ಕಾಲುವೆ ಅದು.

ನಮ್ಮೂರು ಉಗಾರ ಖುರ್ದ. ಕೃಷ್ಣಾ ದಂಡೆ, ಸುತ್ತ ಕಬ್ಬು, ನಡುವೆ 1939ರ ಸಕ್ಕರೆ ಕಾರ್ಖಾನೆ. ಅಜ್ಜನ ಮಾರ್ಕ್ 3 ಅಂಬಾಸಿಡರ್ ತೋಟದ ಶೆಡ್ಡಿನಲ್ಲಿತ್ತು. 2019ರ ಆಗಸ್ಟಿನಲ್ಲಿ ಹೊಳೆ ಬಂದಾಗ ಬಾನೆಟ್ಟಿನ ಮೇಲೆ ನೀರು ನಿಂತಿತ್ತು. ಆಗ ಮನೆ, ದನ, ಕಬ್ಬು ನೋಡಿಕೊಳ್ಳುವುದೇ ದೊಡ್ಡದು, ಕಾರಿನ ಕಡೆ ಯಾರೂ ತಿರುಗಿ ನೋಡಲಿಲ್ಲ. ಅಜ್ಜ ತೀರಿಕೊಂಡ ಮೇಲೆ ಒಂದು ದಿನ ಪುಣೆಗೆ ಕಾಕಾನ ಫೋನ್ ಬಂತು. "ತಮ್ಮಾ, ಗುಜರಿಯಾಂವ ಬಂದಾನ. ತೂಕದ ಲೆಕ್ಕದಾಗ ಕೇಳಾಕತ್ತಾನ. ಎಂಜಿನ್ ಚಾಲೂ ಆದ್ರ ಇಟ್ಕೊಳ್ಳೂಣು, ಇಲ್ಲಂದ್ರ ಕೊಟ್ಟ ಬಿಡ್ತೀನಿ."

ಹೀಗೆ ಶುರುವಾಯ್ತು ನನ್ನ ಶನಿವಾರ-ರವಿವಾರದ ಕೆಲಸ. ಜೊತೆಗೆ ಕಬ್ಬಿನ ಲಾರಿ, ಟ್ರ್ಯಾಕ್ಟರು ರಿಪೇರಿ ಮಾಡಿ ಕೈ ಪಳಗಿದ ಮಿಸ್ತ್ರಿ ಮಾಮಾ. ಹಿಂದೂಸ್ತಾನ್ ಮೋಟಾರ್ಸ್ 2014ರಲ್ಲೇ ಅಂಬಾಸಿಡರ್ ಮಾಡುವುದನ್ನು ನಿಲ್ಲಿಸಿದೆ. ನಮ್ಮದರಲ್ಲಿದ್ದ 1489 ಸಿಸಿ ಎಂಜಿನ್ ಅದಕ್ಕಿಂತ ಹಳೇದು, ಇಂಗ್ಲೆಂಡಿನ ಬಿಎಂಸಿ ಕಂಪನಿಯ ಬಿ-ಸೀರೀಸ್. ಬೀಡು ಕಬ್ಬಿಣದ ಆ ಬ್ಲಾಕು ಒಮ್ಮೆ ಸೀಳಿದರೆ ಗುಜರಿಯವನೇ ಗೆದ್ದಂತೆ.

ಬಿಚ್ಚುವಾಗ ರಟ್ಟಿನ ಮೇಲೆ ಎಂಜಿನ್ನಿನ ಚಿತ್ರ ಬರೆದು, ಪ್ರತಿ ಬೋಲ್ಟನ್ನೂ ಅದರದೇ ಜಾಗದಲ್ಲಿ ಚುಚ್ಚಿಟ್ಟಿದ್ದೆವು. ಉದ್ದದ ಬೋಲ್ಟು ಗಿಡ್ಡ ತೂತಿಗೆ ಹೋಗಬಾರದಲ್ಲ? ಜೋಡಿಸುವ ದಿನ ಕಾಕಾ ಸಿಲಿಕೋನ್ ಟ್ಯೂಬು ತಂದು, "ಎಲ್ಲಾದಕ್ಕೂ ಬಡದ ಬಿಡ್ರಿ, ಸೋರಾಂಗಿಲ್ಲ" ಅಂದರು. ಮಾಮಾ ಒಂದು ಬೋಲ್ಟು ಎತ್ತಿ ಹಿಡಿದು ಕೇಳಿದ್ದು ಒಂದೇ ಪ್ರಶ್ನೆ: "ಇದರ ತೂತು ಎಲ್ಲಿ ಹೋಗಿ ಮುಗೀತೈತಿ ಹೇಳ್ರಿ ಸಾವಕಾರ್ರ?"

ನನ್ನ ಲೆಕ್ಕದಲ್ಲಿ ಇಡೀ ವಿದ್ಯೆ ಆ ಪ್ರಶ್ನೆಯಲ್ಲೇ ಇದೆ. ಪ್ರತಿ ತೂತಿಗೂ ತಂತಿ ಬಿಟ್ಟು ನೋಡಿ ಮೂರು ಗುಂಪು ಮಾಡಿದೆವು.

1. ಕುರುಡು ತೂತು, ಅಂದರೆ ಕಬ್ಬಿಣದಲ್ಲೇ ಮುಗಿಯುವಂಥದ್ದು. ಇದರಿಂದ ಏನೂ ಸೋರುವುದಿಲ್ಲ, ಹಾಗಾಗಿ ಸೀಲಂಟ್ ಬೇಡ. ಆದರೆ ಅತಿ ಅಪಾಯದ್ದು ಇದೇ. ತಳದಲ್ಲಿ ನೀರೋ ಎಣ್ಣೆಯೋ ನಿಂತಿದ್ದರೆ ಬೋಲ್ಟು ಪಿಸ್ಟನ್ನಿನ ಹಾಗೆ ಅದನ್ನು ಒತ್ತುತ್ತದೆ. ದ್ರವ ಕುಗ್ಗುವುದಿಲ್ಲ, ಬ್ಲಾಕು ಸೀಳುತ್ತದೆ. ನಮ್ಮ ತೂತುಗಳಲ್ಲಿ ಹೊಳೆಯ ರಾಡಿ ಇನ್ನೂ ಇತ್ತು! ಕೆರೆದು, ಹವಾ ಹೊಡೆದು, ಒಣಗಿಸಲಿಕ್ಕೇ ಅರ್ಧ ದಿನ ಹೋಯ್ತು.

2. ನೀರಿನ ಜಾಕೆಟ್ಟಿಗೆ ತೆರೆಯುವಂಥದ್ದು. ಇದಕ್ಕೆ ಥ್ರೆಡ್ ಸೀಲಂಟ್ ಬೇಕೇ ಬೇಕು. ಇಲ್ಲದಿದ್ದರೆ ನೀರು ಹೊರಗೆ ಬರುವುದಷ್ಟೇ ಅಲ್ಲ, ಬೋಲ್ಟು ತುಕ್ಕು ಹಿಡಿದು ಮುಂದಿನ ಸಲ ಮುರಿಯುತ್ತದೆ.

3. ಎಣ್ಣೆ ಇರುವ ಕಡೆ ತೆರೆಯುವಂಥದ್ದು. ಇಲ್ಲೂ ಸೀಲಂಟ್ ಬೇಕು, ಆದರೆ ಎಣ್ಣೆಗೂ ಬಿಸಿಗೂ ತಡೆಯುವಂಥದ್ದು.

ಸೀಲಂಟೂ ಲಾಕರೂ ಒಂದೇ ಅಲ್ಲ, ನೆನಪಿಡಿ. ಲಾಕರಿನ ಕೆಲಸ ಬೋಲ್ಟು ಸಡಿಲಾಗದಂತೆ ನೋಡುವುದು. ಸೀಲಂಟಿನ ಕೆಲಸ ಸಂದು ತುಂಬುವುದು. 1953ರಲ್ಲಿ ಅಮೆರಿಕದ ಪ್ರೊಫೆಸರ್ ವರ್ನನ್ ಕ್ರೀಬಲ್ ಕಂಡುಹಿಡಿದ, ಮುಂದೆ ಲಾಕ್‌ಟೈಟ್ ಅಂತ ಹೆಸರಾದ ಬಗೆಯ ದ್ರವ ಗಾಳಿ ಇರುವಲ್ಲಿ ಗಟ್ಟಿಯಾಗುವುದಿಲ್ಲ. ಲೋಹದ ನಡುವೆ, ಗಾಳಿ ಸಿಗದ ಜಾಗದಲ್ಲಿ ಮಾತ್ರ ಗಟ್ಟಿಯಾಗುತ್ತದೆ. ಅದರ ಬಾಟಲಿ ಪೂರ್ತಿ ತುಂಬಿರುವುದಿಲ್ಲ ನೋಡಿ, ಅದು ಅಂಗಡಿಯವನ ಮೋಸವಲ್ಲ, ಒಳಗೆ ಗಾಳಿ ಇರಲಿ ಅಂತ :)

ಇನ್ನು ಕಾಕಾನ ಸಿಲಿಕೋನ್. ಹೆಚ್ಚಾಗಿ ಬಳಿದರೆ ಹೊರಗೆ ಕಾಣುವಷ್ಟೇ ಒಳಗೂ ಉಬ್ಬಿ ಬರುತ್ತದೆ. ಆ ಚೂರು ಕಿತ್ತು ಸಂಪಿಗೆ ಬಿದ್ದು, ಆಯಿಲ್ ಪಂಪಿನ ಜಾಳಿಗೆ ಅಂಟಿದರೆ ಬೇರಿಂಗುಗಳಿಗೆ ಎಣ್ಣೆಯೇ ಇಲ್ಲ. ನಳದ ಟೆಫ್ಲಾನ್ ಟೇಪಿನ ಎಳೆಯೂ ಅಷ್ಟೇ. ಹೊರಗಿನ ಎರಡು ಹನಿ ಉಳಿಸಲು ಹೋಗಿ ಎಂಜಿನ್ನನ್ನೇ ಕಳೆದುಕೊಂಡಂತೆ.

ಬಿಗಿಯುವುದಕ್ಕೂ ಮಿತಿ ಇದೆ. ಮ್ಯಾನಿಫೋಲ್ಡಿನ ಕೆಳಗೆ ಎರಡು ತಗಡಿನ ಟ್ಯಾಪೆಟ್ ಕವರುಗಳಿವೆ, ಒಂದೊಂದಕ್ಕೂ ನಡುವೆ ಒಂದೇ ಬೋಲ್ಟು. ಸೋರುತ್ತದೆ ಅಂತ ಇನ್ನಷ್ಟು ಬಿಗಿದರೆ ತಗಡು ಬಾಗಿ, ಅಂಚು ಎದ್ದು, ಇನ್ನಷ್ಟು ಸೋರುತ್ತದೆ. ತಗಡನ್ನು ತಟ್ಟಿ ಸಮ ಮಾಡಿ, ಹೊಸ ಕಾರ್ಕು, ಬೋಲ್ಟಿಗೆ ಹೊಸ ವಾಷರ್ ಹಾಕಿ ಹದವಾಗಿ ಹಿಡಿಸಿದೆವು. ಸಂಪಿನ ಡ್ರೇನ್ ಬೋಲ್ಟಿನ ತಾಮ್ರದ ವಾಷರ್ ಮಾತ್ರ ಹಳೇದೇ. ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ತಾಮ್ರ ಮತ್ತೆ ಮೆತ್ತಗಾಗುತ್ತದೆ. ಉಕ್ಕಿನ ಹಾಗೆ ಬಿರುಸಾಗುವುದಿಲ್ಲ.

ಹೆಡ್ಡಿನ ಹನ್ನೊಂದು ನಟ್ಟುಗಳನ್ನು ಕ್ರಮವಾಗಿ, ಹಂತ ಹಂತವಾಗಿ ಬಿಗಿದೆವು. ಅವುಗಳಲ್ಲಿ ನಾಲ್ಕು ರಾಕರನ್ನೂ ಹಿಡಿದಿರುತ್ತವೆ. ಮುಂದೆ ಎಂದಾದರೂ ರಾಕರ್ ಬಿಚ್ಚುವುದಾದರೆ ಹನ್ನೊಂದನ್ನೂ ಸಡಿಲ ಮಾಡಬೇಕು, ನಾಲ್ಕನ್ನೇ ಬಿಚ್ಚಿದರೆ ಹೆಡ್ ಸೊಟ್ಟಾಗಿ ನೀರು ಒಳಗಿಳಿಯಬಹುದು.

ಒಂದು ರವಿವಾರ ಸಂಜೆ ಎಂಜಿನ್ ಮಾತಾಡಿತು. ಕಾಕಾ ಏನೂ ಅನ್ನದೆ ಕೆಳಗೆ ರಟ್ಟು ಹಾಸಿ ಮಲಗಲು ಹೋದರು. ಬೆಳಿಗ್ಗೆ ನೋಡಿದರೆ ಹಿಂಬದಿಯಲ್ಲಿ ಮೂರು ಹನಿ. ಅದು ಕ್ರ್ಯಾಂಕ್ ಶಾಫ್ಟಿನ ಹಿಂದಿನ ತುದಿಯದು. ಅಲ್ಲಿ ರಬ್ಬರ್ ಸೀಲೇ ಇಲ್ಲ, ಎಣ್ಣೆಯನ್ನು ಹಿಂದಕ್ಕೆ ತಳ್ಳುವ ಸುರುಳಿ ಗೀರು ಮಾತ್ರ. ಅಷ್ಟು ಸೋರುವುದು ಅದರ ಹುಟ್ಟುಗುಣ. ಬೋಲ್ಟುಗಳಿಂದ ಒಂದು ಹನಿಯೂ ಇರಲಿಲ್ಲ.

ಗುಜರಿಯವನು ಬಂದಾಗ ಕಾಕಾ ಅವನಿಗೆ ಚಹಾ ಕೊಟ್ಟು ಕಳಿಸಿದರಂತೆ. ನಿಮ್ಮ ಹಿತ್ತಿಲಲ್ಲೂ ಇಂಥದ್ದೊಂದು ನಿಂತಿದ್ದರೆ, ತೂಕಕ್ಕೆ ಕೊಡುವ ಮುಂಚೆ ಒಮ್ಮೆ ಬಿಚ್ಚಿ ನೋಡಿ. ಟ್ಯೂಬು ಆಮೇಲೆ ತನ್ನಿ, ಮೊದಲು ತಂತಿ ಬಿಟ್ಟು ತೂತು ನೋಡಿ.