ಹಿಜ್ಕೀಯನ ಹದಿನೈದು ವರ್ಷ

ಸತ್ಯವೇದವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸುತ್ತೇನೆಂದು ಹೊಸ ವರ್ಷದ ದಿನ ಪಣ ತೊಡುವವರು ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ಒಂದು ಯಾಜಕಕಾಂಡ, ಅದನ್ನು ಹೇಗೋ ದಾಟಿದವರಿಗೆ ಅರಸುಗಳ ಎರಡು ಪುಸ್ತಕ. ನಮ್ಮ ಮನೆಯಲ್ಲಿ ಬಿಟ್ಟು ಓದುವ ಪದ್ಧತಿ ಇರಲಿಲ್ಲ. ರಾತ್ರಿಯ ಪ್ರಾರ್ಥನೆಗೆ ಕುಳಿತಾಗ ಅಪ್ಪ ಸರದಿಯಂತೆ ಒಬ್ಬೊಬ್ಬ ಮಗುವಿನ ಕೈಗೆ ಪುಸ್ತಕ ಕೊಡುತ್ತಿದ್ದರು. ಯಾರೊಬ್ಬಾಮ, ರೆಹಬ್ಬಾಮ, ಯೋರಾಮ, ಯೆಹೋರಾಮ—ಹೀಗೆ ನಾಲಗೆ ತಿರುಚುವ ಹೆಸರುಗಳು ಯಾರ ಸರದಿಗೆ ಬಂದವೋ ಅವರ ಗತಿ ಹೇಳತೀರದು. ಈ ರಾಜರೆಲ್ಲ ಒಬ್ಬನೇ ಎಂದು ನನ್ನ ತಮ್ಮ ಬಹುಕಾಲ ನಂಬಿದ್ದ. ಆ ನಂಬಿಕೆಯಿಂದ ಕಥೆಗೆ ಅಂಥ ತೊಂದರೆಯೇನೂ ಆಗಲಿಲ್ಲವೆಂದು ಅವನು ಈಗಲೂ ವಾದಿಸುತ್ತಾನೆ.

ಅವನ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಸೊಲೊಮೋನನ ತರುವಾಯ ರಾಜ್ಯ ಎರಡಾಯಿತು. ಉತ್ತರದ ಇಸ್ರಾಯೇಲಿನಲ್ಲಿ 19 ಮಂದಿ ಅರಸರು ಆಳಿದರು. ಒಬ್ಬನಾದರೂ ಒಳ್ಳೆಯವನೆಂಬ ಹೆಸರು ಪಡೆಯಲಿಲ್ಲ. ದಕ್ಷಿಣದ ಯೆಹೂದದಲ್ಲಿ ಒಳ್ಳೆಯವರು ಕೆಲವರು, ಕೆಟ್ಟವರು ಹಲವರು. ಪ್ರತಿಯೊಬ್ಬನ ಕಥೆಯೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದೆ: ಪಟ್ಟಕ್ಕೆ ಬಂದಾಗ ವಯಸ್ಸೆಷ್ಟು, ಆಳಿದ್ದು ಎಷ್ಟು ವರ್ಷ, ದೇವರ ದೃಷ್ಟಿಯಲ್ಲಿ ಒಳ್ಳೆಯವನೋ ಕೆಟ್ಟವನೋ, ಎಲ್ಲಿ ಹೂಳಿದರು. ತಾಲ್ಲೂಕು ಕಚೇರಿಯ ದಫ್ತರ ಕೂಡ ಇದಕ್ಕಿಂತ ರಸವತ್ತಾಗಿರುತ್ತದೆ ಎಂದು ಹುಡುಗನಾಗಿದ್ದಾಗ ನನಗೆ ಅನ್ನಿಸುತ್ತಿತ್ತು.

ವಯಸ್ಸಾದ ಮೇಲೆ ಈ ದಫ್ತರದ ಅಳತೆಗೋಲು ಎಂಥದೆಂಬುದು ನಿಧಾನವಾಗಿ ತಿಳಿಯಿತು. ಒಮ್ರಿ ಎಂಬ ಅರಸನಿದ್ದ. ಸಮಾರ್ಯ ಪಟ್ಟಣವನ್ನು ಕಟ್ಟಿಸಿದವನು. ಅವನು ಸತ್ತು ನೂರು ವರ್ಷವಾದ ಮೇಲೂ ಅಶ್ಶೂರ್ಯರು ತಮ್ಮ ಶಾಸನಗಳಲ್ಲಿ ಆ ದೇಶವನ್ನು ಒಮ್ರಿಯ ಮನೆತನವೆಂದೇ ಕರೆಯುತ್ತಿದ್ದರು. 1868ರಲ್ಲಿ ಮೋವಾಬ್ ನಾಡಿನಲ್ಲಿ ಸಿಕ್ಕ ಮೇಷ ಅರಸನ ಶಿಲಾಶಾಸನದಲ್ಲಿಯೂ ಅವನ ಹೆಸರಿದೆ. ಲೋಕದ ಲೆಕ್ಕದಲ್ಲಿ ಅಷ್ಟು ದೊಡ್ಡವನಾದ ಈತನನ್ನು ಅರಸುಗಳ ಪುಸ್ತಕ ಆರೇ ವಚನಗಳಲ್ಲಿ ಮುಗಿಸಿ, ಮುಂದಿನ ಅಧ್ಯಾಯದಲ್ಲಿ ಹಿಡಿ ಹಿಟ್ಟು ಮತ್ತು ಚೂರು ಎಣ್ಣೆ ಉಳಿದಿದ್ದ ಒಬ್ಬ ವಿಧವೆಯ ಅಡಿಗೆಮನೆಗೆ ಹೋಗಿ ಅಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಈ ಚರಿತ್ರೆಕಾರನ ಧೈರ್ಯ ನನಗೆ ಮೆಚ್ಚಿಗೆ.

ಆದರೆ ಈ ಅರಸರ ಸಾಲಿನಲ್ಲಿ ನನ್ನನ್ನು ಬಿಡದೆ ಕಾಡಿದವನು ಕೆಟ್ಟವನಲ್ಲ, ಬಹಳ ಒಳ್ಳೆಯವನು: ಹಿಜ್ಕೀಯ. ಕೆಟ್ಟ ಅರಸರಿಂದ ಕಲಿಯುವುದು ಸುಲಭ. ನಾಬೋತನ ದ್ರಾಕ್ಷೇತೋಟಕ್ಕಾಗಿ ಮುಖ ಊದಿಸಿಕೊಂಡು ಹಾಸಿಗೆ ಹಿಡಿದ ಅಹಾಬನ ಕಥೆ ಕೇಳಿದಾಗ ನಮಗೆಲ್ಲ ನಮ್ಮ ನೆರೆಯವರ ನೆನಪಾಗುತ್ತದೆಯೇ ಹೊರತು ನಮ್ಮದಲ್ಲ. ಒಳ್ಳೆಯ ಅರಸನ ವಿಷಯ ಹಾಗಲ್ಲ. ಅವನು ಎಡವಿದರೆ ನಮ್ಮ ಕಾಲು ಬೆರಳು ನೋಯುತ್ತದೆ.

ಹಿಜ್ಕೀಯ ಪಟ್ಟಕ್ಕೆ ಬಂದದ್ದು 25ನೆಯ ವಯಸ್ಸಿನಲ್ಲಿ. ಆಳಿದ್ದು 29 ವರ್ಷ. ತಂದೆ ಆಹಾಜ ಮುಚ್ಚಿಸಿದ್ದ ದೇವಾಲಯದ ಬಾಗಿಲುಗಳನ್ನು ತೆಗೆಸಿದ. ಮೋಶೆ ಅಡವಿಯಲ್ಲಿ ಮಾಡಿಸಿದ್ದ ತಾಮ್ರದ ಸರ್ಪಕ್ಕೆ ಜನ ಧೂಪ ಹಾಕತೊಡಗಿದ್ದರೆಂದು ಅದನ್ನೇ ಒಡೆಸಿದ. ಇದೇನು ಸಾಮಾನ್ಯ ಕೆಲಸವೆ? ಅನ್ಯರ ವಿಗ್ರಹ ಒಡೆಯಲು ಹೆಚ್ಚು ಎದೆಗಾರಿಕೆ ಬೇಡ. ಅಜ್ಜನ ಕಾಲದಿಂದ ಬಂದ, ಒಮ್ಮೆ ನಿಜವಾಗಿ ಪ್ರಾಣ ಉಳಿಸಿದ್ದ ಪವಿತ್ರ ವಸ್ತುವನ್ನು ಒಡೆಯಲು ಬೇಕು. ಹಾಗೆಂದು ಅವನು ಎಲ್ಲದರಲ್ಲಿಯೂ ಕಟ್ಟುನಿಟ್ಟಾಗಿದ್ದನೆಂದು ತಿಳಿಯಬಾರದು. ಯೆರೂಸಲೇಮಿನ ಅಗೆತದಲ್ಲಿ ಸಿಕ್ಕು 2015ರಲ್ಲಿ ಪ್ರಕಟವಾದ ಅವನ ಮಣ್ಣಿನ ಮುದ್ರೆ ಉಗುರಿನಷ್ಟು ಚಿಕ್ಕದು. ಆಹಾಜನ ಮಗನೂ ಯೆಹೂದದ ಅರಸನೂ ಆದ ಹಿಜ್ಕೀಯನದೆಂದು ಅದರ ಮೇಲೆ ಬರೆದಿದೆ. ನಡುವೆ ಇರುವುದು ರೆಕ್ಕೆಯುಳ್ಳ ಸೂರ್ಯಬಿಂಬ. ಐಗುಪ್ತದ ಕಡೆಯ ಚಿತ್ರ! ಸರ್ಪವನ್ನು ಒಡೆದವನ ಉಂಗುರದಲ್ಲಿ ಸೂರ್ಯ ಕುಳಿತಿದ್ದ. ಮನುಷ್ಯ ಎಂದರೆ ಹೀಗೆಯೇ.

ಕ್ರಿ.ಪೂ. 701ರಲ್ಲಿ ಅಶ್ಶೂರದ ಸನ್ಹೇರೀಬ ದಂಡೆತ್ತಿ ಬಂದ. ಹಿಜ್ಕೀಯ ಮೊದಲು ಕಪ್ಪ ಕೊಟ್ಟು ನೋಡಿದ. 30 ತಲಾಂತು ಚಿನ್ನ, 300 ತಲಾಂತು ಬೆಳ್ಳಿ ಎಂದು ಸತ್ಯವೇದ. ಚಿನ್ನ ಅಷ್ಟೇ, ಬೆಳ್ಳಿ ಮಾತ್ರ 800 ಎಂದು ಸನ್ಹೇರೀಬನ ಶಾಸನ. ಕೊಟ್ಟವನ ಲೆಕ್ಕಕ್ಕೂ ತೆಗೆದುಕೊಂಡವನ ಲೆಕ್ಕಕ್ಕೂ ತಾಳೆಯಾಗದಿರುವುದು ಹೊಸ ಸಂಗತಿಯೇನಲ್ಲ. 46 ಕೋಟೆಗಳನ್ನು ಹಿಡಿದೆನೆಂದೂ ಹಿಜ್ಕೀಯನನ್ನು ಪಂಜರದ ಹಕ್ಕಿಯ ಹಾಗೆ ಅವನ ಪಟ್ಟಣದಲ್ಲಿಯೇ ಕೂಡಿಹಾಕಿದೆನೆಂದೂ ಸನ್ಹೇರೀಬ ಕೊಚ್ಚಿಕೊಂಡಿದ್ದಾನೆ. ಪಟ್ಟಣವನ್ನು ಹಿಡಿದೆನೆಂದು ಮಾತ್ರ ಎಲ್ಲಿಯೂ ಹೇಳಿಲ್ಲ. ಲಾಕೀಷ್ ಕೋಟೆಯನ್ನು ಗೆದ್ದ ಚಿತ್ರಗಳನ್ನು ತನ್ನ ಅರಮನೆಯ ಗೋಡೆಯುದ್ದಕ್ಕೂ ಕೆತ್ತಿಸಿದ. ಅವು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಯೆರೂಸಲೇಮಿನ ಚಿತ್ರ ಅವುಗಳಲ್ಲಿಲ್ಲ.

ಇಷ್ಟು ದೊಡ್ಡ ಕಂಟಕವನ್ನು ಪ್ರಾರ್ಥನೆಯಿಂದ ದಾಟಿದವನು ಹಾಸಿಗೆ ಹಿಡಿದ. ಪ್ರವಾದಿ ಯೆಶಾಯ ಬಂದು, ಮನೆಯ ವ್ಯವಸ್ಥೆ ಮಾಡಿಕೊ, ನೀನು ಉಳಿಯುವುದಿಲ್ಲ ಎಂಬ ಅರ್ಥದ ಮಾತನ್ನು ನೇರವಾಗಿಯೇ ಹೇಳಿದ. ಅರಸನು ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡು ಅತ್ತನಂತೆ. ಗೋಡೆಯ ಕಡೆಗೆ ಏಕೆ? ಮೂರು ವರ್ಷದ ಹಿಂದೆ ನಾನೂ ಹನ್ನೆರಡು ದಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಇದರ ಅರ್ಥವಾಯಿತು. ಸುತ್ತ ಹೆಂಡತಿ, ಮಕ್ಕಳು, ನರ್ಸುಗಳು, ನೋಡಲು ಬಂದವರು. ಎಲ್ಲರಿಗೂ ಮುಖ ತೋರಿಸಬೇಕು, ಧೈರ್ಯವಾಗಿದ್ದೇನೆ ಎನ್ನಬೇಕು. ಹಾಸಿಗೆಯ ಮೇಲಿದ್ದವನಿಗೆ ಏಕಾಂತವೆಂದರೆ ಗೋಡೆಯೊಂದೇ. ನನ್ನ ಪಾಲಿನ ಗೋಡೆಯಲ್ಲಿ ಔಷಧದ ಕಂಪೆನಿಯವರ ಕ್ಯಾಲೆಂಡರ್ ತೂಗುಹಾಕಿತ್ತು. ಅದನ್ನು ನೋಡುತ್ತ ನಾನೂ ಕೇಳಿಕೊಂಡೆ; ಏನು ಕೇಳಿದೆನೆಂದು ಹೇಳಬೇಕಾಗಿಲ್ಲ.

ಹಿಜ್ಕೀಯನಿಗೆ ಉತ್ತರ ಬೇಗ ಬಂತು. ಯೆಶಾಯ ನಡುವಣ ಅಂಗಳವನ್ನು ದಾಟುವ ಮೊದಲೇ ಹಿಂದಿರುಗಿ ಬಂದ. 15 ವರ್ಷ ಹೆಚ್ಚು ಆಯುಷ್ಯ; ಅದರ ಜೊತೆಗೆ ಹುಣ್ಣಿಗೆ ಹಚ್ಚಲು ಅಂಜೂರದ ಮುದ್ದೆ. ದೇವರ ವಾಗ್ದಾನವಿದ್ದರೂ ಔಷಧ ಬೇಡವೆನ್ನಲಿಲ್ಲ ಎಂಬುದನ್ನು ಗಮನಿಸಬೇಕು. ಗುರುತಿಗಾಗಿ ಆಹಾಜನ ಮೆಟ್ಟಲುಗಳ ಮೇಲೆ ನೆರಳು ಹತ್ತು ಮೆಟ್ಟಲು ಹಿಂದಕ್ಕೆ ಸರಿಯಿತು.

ನಮಗೆಲ್ಲ ಆಯುಷ್ಯದ ಲೆಕ್ಕ ಗೊತ್ತಿಲ್ಲದಿರುವುದು ಒಂದು ಉಪಕಾರ. ಈ ಮನುಷ್ಯನಿಗೆ ಗೊತ್ತಾಯಿತು. ಹದಿನೈದು ಎಂದರೆ ಹದಿನೈದು. ಅದರಲ್ಲಿ ಏನು ಮಾಡಿದ?

ಬಾಬೆಲಿನ ಅರಸ ಮೆರೋದಕ ಬಲದಾನ, ಕಾಯಿಲೆ ವಾಸಿಯಾಯಿತೆಂದು ಕೇಳಿ, ಪತ್ರ ಕಾಣಿಕೆಗಳೊಡನೆ ದೂತರನ್ನು ಕಳುಹಿಸಿದ. ಹಿಜ್ಕೀಯ ಹಿಗ್ಗಿಹೋದ. ಚಿನ್ನ, ಬೆಳ್ಳಿ, ಸುಗಂಧ, ಆಯುಧಶಾಲೆ, ಉಗ್ರಾಣ—ತೋರಿಸದೆ ಬಿಟ್ಟದ್ದು ಒಂದೂ ಇಲ್ಲ. ಸನ್ಹೇರೀಬನಿಗೆ ಖಜಾನೆ ಬಳಿದು ಕೊಟ್ಟವನ ಬಳಿ ತೋರಿಸಲು ಏನು ಉಳಿದಿತ್ತು ಎಂದು ಕೇಳಿದರೆ, ಈ ಭೇಟಿ ಮುತ್ತಿಗೆಗೆ ಮೊದಲೇ ನಡೆದಿರಬೇಕೆಂದು ಪಂಡಿತರು ಹೇಳುತ್ತಾರೆ, ಅದೇ ಸರಿಯಿದ್ದೀತು. ಯಾವಾಗಲಾದರೂ ಆಗಲಿ, ಕಾಯಿಲೆಯಿಂದ ಎದ್ದವನಿಗೆ ಯೋಗಕ್ಷೇಮ ವಿಚಾರಿಸಲು ಬಂದವರೆಂದರೆ ಎಷ್ಟು ಪ್ರೀತಿಯೆಂದು ನಾನು ಬಲ್ಲೆ.

ಯೆಶಾಯ ಬಂದು ವಿಚಾರಿಸಿದ: ಅವರು ಎಲ್ಲಿಯವರು, ಏನು ಹೇಳಿದರು, ನಿನ್ನ ಮನೆಯಲ್ಲಿ ಏನೇನು ಕಂಡರು. ಅರಸನು ಮುಚ್ಚುಮರೆಯಿಲ್ಲದೆ ಹೇಳಿದ. ಆಗ ಪ್ರವಾದಿ, ಇದೆಲ್ಲವೂ ಒಂದು ದಿನ ಬಾಬೆಲಿಗೆ ಹೋಗುತ್ತದೆ, ನಿನ್ನ ಸಂತಾನದವರೂ ಅಲ್ಲಿ ಊಳಿಗ ಮಾಡುವರು ಎಂದ. ಇದನ್ನು ಕೇಳಿ ಗೋಡೆಗೆ ಮುಖ ಮಾಡಿ ಅಳಬೇಕಾಗಿದ್ದವನು ಅಳಲಿಲ್ಲ. ಪ್ರವಾದಿಯ ಮಾತು ಒಳ್ಳೆಯದೇ ಎಂದು, ತನ್ನ ಕಾಲಕ್ಕೇನೂ ಸಮಾಧಾನವಿರುತ್ತದಲ್ಲ ಎಂದು ನೆಮ್ಮದಿಪಟ್ಟುಕೊಂಡ.

ಈ ಮಾತನ್ನು ಮೊದಲು ಓದಿದಾಗ ನನಗೆ ಸಿಟ್ಟು ಬಂದಿತ್ತು. ಈಗ ಅದನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ನಮ್ಮ ಸಭೆಯ ಸಮಿತಿಯಲ್ಲಿ ನಾವು ಒಂಬತ್ತು ಮಂದಿ. ಎಂಟು ಮಂದಿ ಎಪ್ಪತ್ತು ದಾಟಿದವರು. ದೇವಾಲಯದ ಅಂಗಳದ ಹಳೆಯ ಬಾವಿಯ ಹೂಳು ತೆಗೆಸಬೇಕೆಂಬ ಮಾತು ಬಂದಾಗಲೆಲ್ಲ, ಟ್ಯಾಂಕರಿನವನು ನೀರು ತಂದು ಹಾಕುತ್ತಾನೆ, ನಾವಿರುವವರೆಗೆ ಹೀಗೆ ನಡೆದರೆ ಸಾಕು ಎನ್ನುವ ಧ್ವನಿ ಏಳುತ್ತದೆ. ಹೇಳುವವರು ದುಷ್ಟರಲ್ಲ. ಒಂದು ಕಾಲಕ್ಕೆ ಆ ದೇವಾಲಯಕ್ಕೆ ಕಲ್ಲು ಹೊತ್ತವರು, ಬರದ ವರ್ಷ ಗಂಜಿ ಕಾಯಿಸಿ ಬಡಿಸಿದವರು. ದಣಿದಿದ್ದಾರೆ. ಹಿಜ್ಕೀಯನೂ ದಣಿದಿದ್ದನೆಂದು ಕಾಣುತ್ತದೆ.

ಆದರೆ ಇದೇ ಹಿಜ್ಕೀಯ ಒಂದು ನೀರಿನ ಕೆಲಸ ಮಾಡಿಸಿದ್ದನಲ್ಲ! ಮುತ್ತಿಗೆಯ ಕಾಲದಲ್ಲಿ ಶತ್ರುವಿಗೆ ನೀರು ಸಿಗಬಾರದು, ಪಟ್ಟಣಕ್ಕೆ ಸಿಗಬೇಕು ಎಂದು ಗೀಹೋನ್ ಬುಗ್ಗೆಯ ನೀರನ್ನು ಬಂಡೆಯೊಳಗಿನಿಂದ ಊರೊಳಕ್ಕೆ ತಿರುಗಿಸಿದ. ಆ ಸುರಂಗ ಈಗಲೂ ಇದೆ. ಉದ್ದ ಸುಮಾರು 533 ಮೀಟರು. ಹಾವಿನಂತೆ ಬಳುಕಿ ಹೋದರೂ ಈ ತುದಿಯಿಂದ ಆ ತುದಿಗೆ ಇಳಿಜಾರು ಒಂದು ಮೊಳವೂ ಇಲ್ಲ. ಅದರ ಗಾರೆಯಲ್ಲಿ ಸಿಕ್ಕ ಸಸ್ಯದ ಚೂರುಗಳನ್ನು ಪರೀಕ್ಷಿಸಿ ಅದು ಆ ಕಾಲದ್ದೇ ಎಂದು 2003ರಲ್ಲಿ ವಿಜ್ಞಾನಿಗಳು ಹೇಳಿದರು. 1880ರಲ್ಲಿ ಅಲ್ಲಿ ನೀರಾಟಕ್ಕೆ ಇಳಿದ ಹುಡುಗನ ಕಣ್ಣಿಗೆ ಗೋಡೆಯ ಮೇಲೆ ಕೊರೆದ ಬರಹ ಬಿತ್ತು. ಆಗ ಯೆರೂಸಲೇಮ್ ತುರ್ಕರ ಆಳ್ವಿಕೆಯಲ್ಲಿದ್ದುದರಿಂದ ಆ ಕಲ್ಲು ಇಸ್ತಾಂಬುಲಿನ ವಸ್ತುಸಂಗ್ರಹಾಲಯ ಸೇರಿತು. ಎರಡು ಕಡೆಯಿಂದ ಕೊರೆಯುತ್ತ ಬಂದ ಕೂಲಿಗಳಿಗೆ, ಇನ್ನು ಮೂರು ಮೊಳ ಉಳಿದಿರುವಾಗ, ಬಂಡೆಯಾಚೆಯಿಂದ ಒಬ್ಬರನ್ನೊಬ್ಬರು ಕೂಗುವ ದನಿ ಕೇಳಿಸಿತು, ಗುದ್ದಲಿಗೆ ಗುದ್ದಲಿ ತಾಗಿತು, ನೀರು ಹರಿಯಿತು. ಬರಹದ ವಿಷಯ ಇಷ್ಟೇ. ಅರಸನ ಹೆಸರು ಎಲ್ಲಿಯೂ ಇಲ್ಲ. ಸನ್ಹೇರೀಬ ಕೇಳಿದ್ದರೆ ನಗುತ್ತಿದ್ದ.

ಬಾಬೆಲಿನವರಿಗೆ ತೋರಿಸಿದ ಅರಮನೆಯ ಐಶ್ವರ್ಯ ನೂರು ವರ್ಷ ಕಳೆದ ಮೇಲೆ ಬಾಬೆಲಿಗೇ ಹೋಯಿತು. ಸುರಂಗದ ನೀರು ಹೋಗಲಿಲ್ಲ. ಏಳುನೂರು ವರ್ಷಗಳ ಅನಂತರ ಯೇಸುಸ್ವಾಮಿ ಒಬ್ಬ ಹುಟ್ಟುಕುರುಡನ ಕಣ್ಣಿಗೆ ಕೆಸರು ಹಚ್ಚಿ, ಸಿಲೋವ ಕೊಳದಲ್ಲಿ ತೊಳೆದುಕೊಳ್ಳೆಂದು ಕಳುಹಿಸಿದ್ದು ಈ ನೀರಿಗೇ. ಆ ಕಾಲದ ಕೊಳದ ಕಲ್ಲುಮೆಟ್ಟಲುಗಳು 2004ರಲ್ಲಿ ಚರಂಡಿಯ ಕೊಳವೆ ಸರಿಮಾಡುವಾಗ ಮತ್ತೆ ಹೊರಬಿದ್ದವು.

ಹಿಜ್ಕೀಯ ಆ 15 ವರ್ಷವನ್ನು ಕೇಳಲೇಬಾರದಾಗಿತ್ತು ಎಂದು ಪ್ರಸಂಗ ಮಾಡುವವರಿದ್ದಾರೆ. ಅವನ ಮಗ ಮನಸ್ಸೆ ಪಟ್ಟಕ್ಕೆ ಬಂದಾಗ 12 ವರ್ಷದವನು. ಅಂದರೆ ಹುಟ್ಟಿದ್ದು ಆ ಹೆಚ್ಚಿನ ಆಯುಷ್ಯದಲ್ಲಿ. 55 ವರ್ಷ ಆಳಿ, ತಂದೆ ಕಟ್ಟಿದ್ದನ್ನೆಲ್ಲ ಕೆಡವಿದ. ತಂದೆ ಕಾಯಿಲೆಯಲ್ಲಿಯೇ ಸತ್ತಿದ್ದರೆ ಈ ಪೀಡೆ ಹುಟ್ಟುತ್ತಿರಲಿಲ್ಲ ಎಂದು ಅವರ ಗಣಿತ. ನನಗೆ ಈ ಗಣಿತ ಒಪ್ಪಿಗೆಯಿಲ್ಲ. ಲೆಕ್ಕ ಮಾಡುವುದಾದರೆ ಮುಂದಕ್ಕೂ ಮಾಡಬೇಕು: ಮನಸ್ಸೆಯ ಮೊಮ್ಮಗನೇ ಯೋಷೀಯ, ಹಿಜ್ಕೀಯನಷ್ಟೇ ಒಳ್ಳೆಯ ಅರಸ. ಮತ್ತಾಯನ ಸುವಾರ್ತೆಯ ವಂಶಾವಳಿಯಲ್ಲಿ ಮನಸ್ಸೆಯ ಹೆಸರನ್ನು ಯಾರೂ ಅಳಿಸಿಲ್ಲ. ಪೂರ್ವಕಾಲವೃತ್ತಾಂತವಂತೂ ಅವನು ಸೆರೆಯಲ್ಲಿ ದೇವರ ಕಡೆಗೆ ತಿರುಗಿದನೆಂದು ಹೇಳುತ್ತದೆ. ಬದುಕಬೇಕೆಂದು ಬೇಡುವುದು ಅಪರಾಧವಾದರೆ ಆಸ್ಪತ್ರೆಯ ಹಾಸಿಗೆಗಳಲ್ಲಿ ನಿರಪರಾಧಿಗಳು ಎಷ್ಟು ಮಂದಿ ಸಿಕ್ಕಾರು?

ನನ್ನನ್ನು ಕೊರೆಯುವುದು ಬೇರೆ ಸಂಗತಿ. ಹಿಜ್ಕೀಯನ ಆಸ್ಥಾನದವರು ಸೊಲೊಮೋನನ ಜ್ಞಾನೋಕ್ತಿಗಳನ್ನು ಪ್ರತಿ ಮಾಡಿಟ್ಟರೆಂದು ಆ ಪುಸ್ತಕದಲ್ಲಿಯೇ ಬರೆದಿದೆ. ಮಗನಿಗೆ ತಂದೆ ಹೇಳುವ ಬುದ್ಧಿಮಾತುಗಳೇ ತುಂಬಿರುವ ಪುಸ್ತಕ. ಅರಮನೆಯ ಒಂದು ಕೋಣೆಯಲ್ಲಿ ಲೇಖಕರು ಅದನ್ನು ಅಂದವಾಗಿ ಬರೆಯುತ್ತಿದ್ದರು. ಇನ್ನೊಂದು ಕೋಣೆಯಲ್ಲಿ ಮನಸ್ಸೆ ಬೆಳೆಯುತ್ತಿದ್ದ. ತಾನು ಸಾಯುವಾಗ ಈ ಮಗುವಿಗೆ ಹನ್ನೆರಡು ವರ್ಷವಾಗಿರುತ್ತದೆಂದು ಹಿಜ್ಕೀಯನಿಗೆ ಲೆಕ್ಕ ಹಾಕದೆಯೇ ಗೊತ್ತಿತ್ತು. ಇವನಿಗೆ ಎಷ್ಟು ಹೇಳಬೇಕು, ಏನು ತೋರಿಸಬೇಕು, ಸುರಂಗದ ನೀರಿನಲ್ಲಿ ಒಮ್ಮೆಯಾದರೂ ಕೈಹಿಡಿದು ನಡೆಸಿಕೊಂಡು ಹೋಗಬೇಕೆ? ಸನ್ಹೇರೀಬನ ಸೇನಾಧಿಪತಿ ಕೋಟೆಯ ಹೊರಗೆ ನಿಂತು ಕೂಗಿದ ಮಾತು ಪುಸ್ತಕದಲ್ಲಿದೆ. ಬಾಬೆಲಿನವರು ಏನೇನು ನೋಡಿದರೆಂಬ ಪಟ್ಟಿ ಇದೆ. ತಂದೆ ಮಗನಿಗೆ ಹೇಳಿದ ಒಂದು ಮಾತೂ ಇಲ್ಲ.