ಬಿಟ್ಟಂಗಾಲದ ಕೋವಿ ಮಾರಾಟಕ್ಕಿಲ್ಲ!

ಪರದೆಯ ಮೇಲೆ 'ಢಂ' ಅಂದರೆ ಸಾಕು, ಗಾಂಧಿ ಕ್ಲಾಸಿನಲ್ಲಿ ಶಿಳ್ಳೆ! ನಾನೂ ಹಾಗೆ ಶಿಳ್ಳೆ ಹೊಡೆದವನೇ. 1975ರ 'ಶೋಲೆ'ಯನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ರಾಮನಗರದ ಬಂಡೆ ಕಂಡಾಗಲೆಲ್ಲ ಗಬ್ಬರನ ಕೋವಿಯೇ ನೆನಪು.

ಈ ಹುಚ್ಚು ಗೊತ್ತಿದ್ದ ಗೆಳೆಯನೊಬ್ಬ ಒಂದು ದಿನ ಫೋನ್ ಮಾಡಿದ. ಗಾಂಧಿನಗರದಲ್ಲಿ ಶೂಟಿಂಗ್‌ಗೆ ಸಾಮಾನು ಒದಗಿಸುವವನು ಅವನು. "ಬಿಟ್ಟಂಗಾಲದ ಒಂದು ಮನೇಲಿ ಪಾರ್ಪತ್ಯಗಾರನ ಕಾಲದ ರೈಫಲ್ ಇದೆಯಂತೆ ಕಣೋ. ಮಾತಾಡಿ ಕೊಡಿಸು, ಹತ್ತು ಸಾವಿರ ನಿಂದು" ಅಂದ.

ಮೂರು ತಿಂಗಳ ಬಾಡಿಗೆ ಬಾಕಿ ಇತ್ತು. ಮಾರನೇ ದಿನವೇ ಬಸ್ ಹತ್ತಿದೆ. ವಿರಾಜಪೇಟೆಯಲ್ಲಿಳಿದು ಗೋಣಿಕೊಪ್ಪಲಿನ ಬಸ್ ಹಿಡಿದರೆ ದಾರಿಯಲ್ಲೇ ಬಿಟ್ಟಂಗಾಲ.

ದಾರಿಯುದ್ದಕ್ಕೂ ಲೇಖನದ ತಲೆಬರಹವನ್ನೂ ಹೊಸೆದೆ: 'ಡಕಾಯಿತರ ಎದೆ ಸೀಳಿದ ಕೋವಿ!' ಅಮೆರಿಕದಲ್ಲಿ ಇಂಥ ಕಥೆಗೆ ಎಷ್ಟು ಬೆಲೆ ನೋಡಿ. 1881ರಲ್ಲಿ ಬಿಲ್ಲಿ ದಿ ಕಿಡ್‌ನನ್ನು ಕೊಂದ ಶೆರಿಫ್ ಪ್ಯಾಟ್ ಗ್ಯಾರೆಟ್‌ನ ರಿವಾಲ್ವರು 2021ರ ಹರಾಜಿನಲ್ಲಿ 60 ಲಕ್ಷ ಡಾಲರಿಗೆ ಹೋಯಿತು. ಒಂದು ರೈಫಲನ್ನೇ ನಾಯಕನ ಹಾಗೆ ಇಟ್ಟುಕೊಂಡು 1950ರಲ್ಲಿ 'ವಿಂಚೆಸ್ಟರ್ 73' ಅನ್ನುವ ಚಿತ್ರವನ್ನೇ ತೆಗೆದರು. ನಮ್ಮ ಕೊಡಗಿನ ಪಾರ್ಪತ್ಯಗಾರನೇನು ಕಡಿಮೆ? ಬ್ರಿಟಿಷರ ಕಾಲದಲ್ಲಿ ನಾಡಿನ ಕಂದಾಯವೂ ಅವನದೇ, ನಾಡಿನ ಶಿಸ್ತೂ ಅವನದೇ.

ಮನೆಯ ಹಿರಿಯರಿಗೆ ಎಂಬತ್ತು ದಾಟಿದೆ. ತೂಗುದೀಪ ಇರುವ ನಡುಮನೆಯಲ್ಲಿ ಕೂರಿಸಿ, ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೋವಿ ತಂದರು. ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ. ನಳಿಗೆಯೊಳಗೆ ಸುತ್ತಿಕೊಂಡು ಹೋದ ಗೀರು. ಗುಂಡು ತಿರುಗುತ್ತಾ ನೇರ ಹೋಗಲಿ ಅಂತ ಆ ಗೀರು, ಅದಿದ್ದರೇ ರೈಫಲ್.

ನನ್ನೊಳಗಿನ ಹೀರೋ ಸುಮ್ಮನಿರುತ್ತಾನೆಯೇ? ತಟ್ಟನೆ ಎತ್ತಿ ಹೆಗಲಿಗೊತ್ತಿ, ಒಂದು ಕಣ್ಣು ಮುಚ್ಚಿ, ಬಾಗಿಲ ಕಡೆ ಗುರಿಯಿಟ್ಟೆ. ಅದೇ ಹೊತ್ತಿಗೆ ಬಾಗಿಲಲ್ಲಿ ಕಾಫಿ ಲೋಟ ಹಿಡಿದ ಸೊಸೆ!

ಅಜ್ಜ ಅಂಗೈಯಿಂದ ನಳಿಗೆಯನ್ನು ಮೇಲಕ್ಕೆ ತಳ್ಳಿದರು.

"ಮದ್ದು ಇಲ್ವಲ್ಲ ಅಜ್ಜ..." ಅಂದೆ.

"ಇಲ್ಲ ಅಂತ ನೀನು ನೋಡಿದೆಯಾ ಮೋನೇ?"

ನೋಡಿರಲಿಲ್ಲ. ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಆಮೇಲೆ ಅವರೇ ಸಮಾಧಾನವಾಗಿ ಹೇಳಿದರು. ಜಮ್ಮಾ ಭೂಮಿಗೆ ಕಂದಾಯ ಕಡಿಮೆ. ಅದರ ಬದಲು ನಾಡು ಕಾಯುವ ಕೆಲಸ. 1857ರ ದಂಗೆಯ ನಂತರ ಸರ್ಕಾರ ಜನರ ಆಯುಧ ಕಿತ್ತುಕೊಂಡರೂ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ಕೊಟ್ಟ. ಅದು ಇವತ್ತಿಗೂ ಬೇರೆ ರೂಪದಲ್ಲಿ ಉಳಿದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಆದರೆ ಅದು ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಮಾತ್ರ. ಗಾಂಧಿನಗರದ ನನ್ನ ಗೆಳೆಯನಿಗಲ್ಲ!

"ನಿಮ್ಮ ಮುತ್ತಾತ ಎಷ್ಟು ಜನ ಕಳ್ಳರನ್ನು ಹೊಡೆದಿದ್ದಾರೆ?" ಆಸೆ ಬಿಡದೆ ಕೇಳಿದೆ.

ಅಜ್ಜ ನಕ್ಕರು. "ಒಬ್ಬನನ್ನೂ ಹೊಡೆದ ಕಥೆ ನಾನು ಕೇಳಿಲ್ಲ. ಕೋವಿ ಹೆಗಲ ಮೇಲಿದ್ದರೆ ಗಲಾಟೆ ತಾನಾಗೇ ನಿಲ್ಲುತ್ತಿತ್ತಂತೆ. ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್‌ಗೆ ಬಾ. ಇದಕ್ಕೆ ತೋಕ್‌ಪೂ ಮುಡಿಸಿ ಪೂಜೆ ಮಾಡ್ತೇವೆ."

ನನ್ನ ತಲೆಬರಹ ಅಲ್ಲೇ ಸತ್ತಿತು. ಕಡೆಗೆ ನಾಚಿಕೆ ಬಿಟ್ಟು ಬೆಲೆಯ ಮಾತೆತ್ತಿದೆ.

ಅವರು ಸಿಟ್ಟಾಗಲಿಲ್ಲ. "ನಾನು ಹುಟ್ಟಿದಾಗ ಇದರಲ್ಲೇ ಒಂದು ಗುಂಡು ಹಾರಿಸಿ ಊರಿಗೆ ತಿಳಿಸಿದ್ರು. ನಮ್ಮಪ್ಪ ತೀರಿಕೊಂಡಾಗ ಎರಡು ಗುಂಡು. ನನ್ನ ಎರಡು ಇನ್ನೂ ಬಾಕಿ ಇದೆ. ಇದನ್ನ ಮಾರಿದರೆ ಊರಿಗೆ ಏನಂತ ಹೇಳಿ ಕಳಿಸೋದು?"

ವಾಪಸು ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಕಾಫಿ ತೋಟ ಹಿಂದೆ ಸರಿಯುತ್ತಿತ್ತು, ನನಗೆ ಕಂಡದ್ದು ಮಾತ್ರ ಅಪ್ಪನ ಹೊಲಿಗೆ ಮಿಷನ್ನು. ಅಪ್ಪ ಹೋದ ವರ್ಷ ನಾನು ಪಿಯುಸಿ ಬಿಟ್ಟೆ. ಮೊದಲು ಮಾರಿದ್ದೇ ಆ ಮಿಷನ್ನು, ಎರಡೂವರೆ ಸಾವಿರಕ್ಕೆ. ಅಮ್ಮ ಒಂದು ಮಾತೂ ಆಡಲಿಲ್ಲ. ಎಣ್ಣೆ ಕಲೆ ಉಳಿದ ಆ ಜಾಗವನ್ನು ಮಾತ್ರ ಬಹಳ ದಿನ ಒರೆಸಲಿಲ್ಲ. ಯಾಕೆ ಅಂತ ನಾನು ಕೇಳಿರಲಿಲ್ಲ. ಕೇಳಬೇಕು ಅಂತ ಅನ್ನಿಸಿದ್ದೇ ಆ ದಿನ.

ಮೈಸೂರು ಬಸ್ ಸ್ಟ್ಯಾಂಡಿನಿಂದ ಗೆಳೆಯನಿಗೆ ಫೋನ್ ಮಾಡಿದೆ. "ಕೋವಿ ಸಿಗೋದಿಲ್ಲ ಮಾರಾಯ. ಬಡಗಿ ಹತ್ರ ಮರದ್ದು ಮಾಡಿಸ್ಕೋ, ಪರದೆ ಮೇಲೆ ಯಾರಿಗೂ ಗೊತ್ತಾಗಲ್ಲ."

ಅವನು ಬೈದ. ಬಾಡಿಗೆ ಇನ್ನೂ ಬಾಕಿಯೇ. ಈ ಲೇಖನದ ಸಂಭಾವನೆ ಬಂದರೆ ಒಂದಷ್ಟು ತೀರೀತು, ಸಂಪಾದಕರು ಮನಸ್ಸು ಮಾಡಬೇಕು!