'ಪಾಪರ್ ಅರ್ಜಿ ಹಾಕೋಣೇನ?'

ನಮ್ಮ ಹುಬ್ಬಳ್ಳಿ ಕಡೆ 'ಅವರು ದಿವಾಳಿ ತೆಗೆದ್ರಂತ' ಎಂದು ಹೇಳುವಾಗ ಎಂಥವರ ದನಿಯೂ ತಾನಾಗಿ ಇಳಿಯುತ್ತದೆ. ಆ ಮಾತು ನಮ್ಮ ಅಡುಗೆಮನೆಗೇ ಬಂದ ದಿನ ನಾನು ರೊಟ್ಟಿ ಬಡಿಯುತ್ತಿದ್ದೆ.

ನಮ್ಮ ಮನೆಯವರ ಬಲಗೈಯ ನಾಲ್ಕು ಬೆರಳು ಕಾರ್ಖಾನೆಯ ಮಶೀನಿಗೆ ಸಿಕ್ಕು ಹೋಗಿ ಎರಡು ವರ್ಷವಾಯಿತು. ದುಡಿಯುವ ಶಕ್ತಿ ಅರ್ಧ ಹೋಗಿದೆ ಎಂದು ವೈದ್ಯಕೀಯ ಮಂಡಳಿ ಬರೆಯಿತು. ಇ.ಎಸ್.ಐ. ಲೆಕ್ಕದಲ್ಲಿ ಸಂಬಳದ ಶೇಕಡಾ 90, ಅದರಲ್ಲಿ ಅರ್ಧ. 14,000 ಸಂಬಳಕ್ಕೆ ತಿಂಗಳಿಗೆ ಸುಮಾರು 6,300 ರೂಪಾಯಿ. ಬದುಕಿರುವ ತನಕ ಬರುತ್ತದೆ ಎಂಬುದೊಂದೇ ಸಮಾಧಾನ. ಸಾಲ ಮಾತ್ರ 3 ಲಕ್ಷ 80 ಸಾವಿರ. ಸೊಸೈಟಿಯದು, ನಮ್ಮ ಸಂಘದ್ದು, ಮೇಲೆ ಕೈಗಡ.

'ಪಾಪರ್ ಅರ್ಜಿ ಹಾಕೋಣೇನ? ಒಮ್ಮೆಗೇ ಮುಗದು ಹೋಗತೈತಿ' ಅಂದರು. ಒಳಗಿದ್ದ ನಮ್ಮತ್ತೆ 'ಜೈಲಿಗೆ ಒಯ್ತಾರೇನೋ ಯಪ್ಪಾ' ಎಂದು ಅಳತೊಡಗಿದರು.

ಮರುದಿನ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋದೆವು. ಹೆಂಗಸರಿಗೆ, ಅಂಗವಿಕಲರಿಗೆ, ಕಾರ್ಖಾನೆಯ ಕಾರ್ಮಿಕರಿಗೆ 1987ರ ಕಾಯಿದೆಯಂತೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ನೆರವು ಪುಕ್ಕಟೆ. ಇದು ನನಗೂ ಗೊತ್ತಿರಲಿಲ್ಲ, ನೀವು ನೆನಪಿಡಿ.

ಅಲ್ಲಿನ ವಕೀಲೆ ತಾಳ್ಮೆಯಿಂದ ತಿಳಿಸಿದರು. ನಮ್ಮಂಥವರಿಗೆ ಇಂದಿಗೂ ಇರುವುದು 1920ರ ಪ್ರಾಂತೀಯ ದಿವಾಳಿ ಕಾಯಿದೆ. ಸಾಲ 500 ರೂಪಾಯಿ ಇದ್ದರೂ ಅರ್ಜಿ ಹಾಕಬಹುದಂತೆ! ಕೋರ್ಟು ಒಪ್ಪಿದರೆ ಆಸ್ತಿ ಕೋರ್ಟಿನ ಕೈಗೆ. ಆದರೆ ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಕೊರಳ ತಾಳಿ ಮುಟ್ಟುವಂತಿಲ್ಲ. ಇ.ಎಸ್.ಐ. ಹಣವನ್ನೂ ಅಷ್ಟೇ, ಯಾವ ಡಿಕ್ರಿಗೂ ಜಪ್ತಿ ಮಾಡುವಂತಿಲ್ಲ. ಕೊಡಲು ನಿಜವಾಗಿ ಇಲ್ಲದವನನ್ನು ಬಡತನಕ್ಕಾಗಿ ಸೆರೆಗೆ ಹಾಕಬಾರದೆಂದು ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ. ದಿವಾಳಿಯಾದವರು ಪಾಲಿಕೆಯ ಸದಸ್ಯರಾಗುವಂತಿಲ್ಲ ಎಂದೂ ಅಂದರು. ನಮಗೆ ಆ ಚಿಂತೆ ಇರಲಿಲ್ಲ ಬಿಡಿ.

ಹಾಗಾದರೆ ಜಪ್ತಿ ಮಾಡಲಾಗದ ಹಣ ತಿಂಗಳಾ ಮೂರನೇ ತಾರೀಖಿಗೆ ಖಾತೆಯಿಂದ ಮಾಯವಾಗುತ್ತಿದ್ದುದು ಹೇಗೆ? ಕಂತು ತಾನಾಗಿ ಕಡಿತವಾಗಲಿ ಎಂದು ಅದೇ ಖಾತೆಗೆ ನಾವೇ ಸಹಿ ಹಾಕಿ ಕೊಟ್ಟಿದ್ದೆವು! ಅದನ್ನು ರದ್ದು ಮಾಡಿಸಲು ಅಲ್ಲೇ ಅರ್ಜಿ ಬರೆದೆವು.

ಇನ್ನೇನು, ಹಾಕಿಯೇ ಬಿಡೋಣ ಅನಿಸಿತು. ಆಗ ಅವರು ಕೇಳಿದರು, 'ಸೊಸೈಟಿ ಸಾಲಕ್ಕ ಜಾಮೀನು ಯಾರ ಅದಾರ್ರೀ?'

ನನ್ನ ತಮ್ಮ. ಕಲಘಟಗಿಯಲ್ಲಿ ಸಣ್ಣ ಕಿರಾಣಿ ಅಂಗಡಿ ಇಟ್ಟುಕೊಂಡವನು.

'ನಿಮ್ಮವರಿಗೆ ಸಾಲದಿಂದ ಬಿಡುಗಡೆ ಸಿಕ್ಕರೂ ಜಾಮೀನು ನಿಂತವರಿಗೆ ಸಿಗೂದಿಲ್ಲರೀ. ಸೊಸೈಟಿಯವರು ಅವರನ್ನ ಹಿಡೀತಾರ.' ಸಂಘದ ಸಾಲವಂತೂ ನನ್ನ ಹೆಸರಿನಲ್ಲಿದೆ. ನಾನು ಕೈ ಎತ್ತಿದರೆ ಸಂಘದ ಉಳಿದ ಒಂಬತ್ತು ಮಂದಿ ಹೆಂಗಸರ ತಲೆಗೆ.

ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ. ನವಲೂರು ದಾಟಿದ ಮೇಲೆ ಅವರೇ ಅಂದರು, 'ಬ್ಯಾಡ. ನಾಗರ ಪಂಚಮಿಗೆ ಉಂಡಿ ಕಟಗೊಂಡು ತವರಮನಿಗೆ ಹ್ಯಾಂಗ ಹೋಗ್ತಿ ನೀ?' ನನಗೆ ಬಂದ ಅಳುವನ್ನು ಸೆರಗಿನಲ್ಲಿ ಒತ್ತಿ ಹಿಡಿದೆ. ನಾನು ಅರ್ಜಿಯ ಪರವಾಗಿಯೇ ಇದ್ದೆ, ಸುಳ್ಳು ಹೇಳಲಾರೆ. ಜಾಮೀನುದಾರರಿಲ್ಲದ ಮನೆಯಾಗಿದ್ದರೆ ಹಾಕಿಯೂ ಬಿಡುತ್ತಿದ್ದೆವು, ಅದರಲ್ಲಿ ನಾಚಿಕೆ ಏನಿದೆ?

ಸೊಸೈಟಿಯ ಸಾಲವನ್ನು ಲೋಕ ಅದಾಲತಿಗೆ ಒಯ್ದೆವು. ಅಲ್ಲಿ ಕೋರ್ಟು ಫೀ ಇಲ್ಲ. ದಂಡದ ಬಡ್ಡಿ ಬಿಟ್ಟು ತಿಂಗಳಿಗೆ 2,500ರಂತೆ ಕಟ್ಟಲು ರಾಜಿಯಾಯಿತು. ಅಲ್ಲಿದ್ದವರು ಹೆಬ್ಬೆಟ್ಟು ಒತ್ತಲು ಹೇಳಿದರು. 'ಬ್ಯಾಡ್ರೀ, ಬರೀತೀನಿ' ಎಂದು ಎಡಗೈಯಲ್ಲೇ ಸಹಿ ಮಾಡಿದರು, ಬಹಳ ಹೊತ್ತು ಹಿಡಿಯಿತು.

ಸಂಘದ ಕಂತಿಗೆ ನಾನು ಖಾನಾವಳಿಗೆ ಕಟಕರೊಟ್ಟಿ, ಶೇಂಗಾ ಚಟ್ನಿ ಮಾಡಿ ಕೊಡುತ್ತಿದ್ದೇನೆ. ಕೈಗಡ ಕೊಟ್ಟವರ ಮನೆಗಳಿಗೆ ನಾವಿಬ್ಬರೂ ಹೋಗಿ ಸಮಯ ಕೇಳಿ ಬಂದೆವು. ಇಬ್ಬರು ಇನ್ನೂ ಮಾತು ಬಿಟ್ಟಿದ್ದಾರೆ.